ಕುಕ್ಕರ್ ಶಾಖಕ್ಕೆ ಕರಗದ ಅಣಬೆ ಚೀಲ: ಆರಿಸುವುದು, ತುಂಬುವುದು, ಬೇಯಿಸುವುದು

ಮನೆಯಲ್ಲಿ ಅಣಬೆ ಬೆಳೆಯಲು ಹೊರಟವರು ಬೀಜ (ಅಂದರೆ ಅಣಬೆಯ ಬಿಳಿ ಎಳೆ ಹಬ್ಬಿದ ಕಾಳು) ಎಲ್ಲಿ ಸಿಗುತ್ತದೆ ಅಂತ ಹತ್ತು ಜನರನ್ನು ಕೇಳುತ್ತಾರೆ. ಚೀಲದ ಬಗ್ಗೆ ಯಾರೂ ಕೇಳುವುದಿಲ್ಲ. ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಕವರ್ ತಂದು ತುಂಬುತ್ತಾರೆ. ಅದು ಕುಕ್ಕರ್‌ನಲ್ಲಿ ಕರಗಿ ತಳಕ್ಕೆ ಅಂಟಿಕೊಳ್ಳುತ್ತದೆ, ಇಲ್ಲವೇ ಹತ್ತು ದಿನಕ್ಕೆ ಒಳಗೆಲ್ಲ ಹಸಿರು ಬೂಷ್ಟು ಹಿಡಿಯುತ್ತದೆ. ಆಗ ಬೈಗುಳ ಬೀಜಕ್ಕೆ! ಆದ್ದರಿಂದ ಈ ಲೇಖನ ಪೂರ್ತಿ ಚೀಲದ ಬಗ್ಗೆಯೇ.

ಚೀಲ ಕೊಳ್ಳುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಒಳಗೆ ಏನು ತುಂಬುತ್ತೀರಿ, ಅದನ್ನು ಎಷ್ಟು ಬಿಸಿ ಮಾಡುತ್ತೀರಿ? ಚೀಲ ಯಾವುದು ಅನ್ನುವುದು ಇದರ ಮೇಲೆಯೇ ನಿಂತಿದೆ.

ಭತ್ತದ ಹುಲ್ಲಿನಲ್ಲಿ ಚಿಪ್ಪು ಅಣಬೆ ಬೆಳೆಯುವುದಾದರೆ ಅಷ್ಟು ಶಾಖ ಬೇಡ. ಹುಲ್ಲನ್ನು ಎರಡು ಇಂಚಿನಷ್ಟು ಕತ್ತರಿಸಿ, ರಾತ್ರಿಯೆಲ್ಲ ನೆನೆಸಿ, ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಒಂದೂವರೆ ಗಂಟೆ ಮುಳುಗಿಸಿಟ್ಟು, ಬಸಿದು ಆರಿಸಿ ಆಮೇಲೆ ಚೀಲಕ್ಕೆ ತುಂಬುತ್ತೇವೆ. ಚೀಲ ಒಲೆ ಹತ್ತಿರವೇ ಹೋಗುವುದಿಲ್ಲ. ಆದ್ದರಿಂದ 100ರಿಂದ 150 ಗೇಜ್‌ನ (ಗೇಜ್ ಅಂದರೆ ಕವರ್ ದಪ್ಪದ ಅಳತೆ) ಮಾಮೂಲಿ ಕವರ್ ಸಾಕು, ಅದರ ಮೈಗೆ ಹತ್ತು ತೂತು ಚುಚ್ಚಿದರೆ ಆಯಿತು. ಇದಕ್ಕೆ ದುಬಾರಿ ಫಿಲ್ಟರ್ ಚೀಲ ತರುವುದು ದಂಡ. ಹುಲ್ಲನ್ನು ಬೂಷ್ಟು ಕೊಲ್ಲುವ ಫಾರ್ಮಾಲಿನ್ ಮತ್ತು ಕಾರ್ಬೆಂಡಜಿಮ್ ರಾಸಾಯನಿಕದ ನೀರಿನಲ್ಲಿ ನೆನೆಸುವ ಪದ್ಧತಿಯೂ ಇದೆ, ಆದರೆ ಫಾರ್ಮಾಲಿನ್ ಕಣ್ಣು ಮೂಗು ಉರಿಸುತ್ತದೆ, ಮಕ್ಕಳಿರುವ ಮನೆಯಲ್ಲಿ ಅದರ ಸಹವಾಸ ಬೇಡ.

ಮರದ ಹೊಟ್ಟಿಗೆ ಗೋಧಿ ಬೂಸಾ ಬೆರೆಸಿ ಬೆಳೆಯುವುದಾದರೆ, ಅಥವಾ ಜೋಳದ ಕಾಳಿನ ಮೇಲೆ ನೀವೇ ಬೀಜ ತಯಾರಿಸುವುದಾದರೆ ಕಥೆ ಬೇರೆ. ಬೂಸಾ ಮತ್ತು ಕಾಳಿನಲ್ಲಿ ಸತ್ವ ಜಾಸ್ತಿ. ಅಣಬೆಗೆ ರುಚಿಸುವ ಊಟ ಬ್ಯಾಕ್ಟೀರಿಯಾ, ಬೂಷ್ಟಿಗೂ ರುಚಿಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣು ಎಷ್ಟು ಗಟ್ಟಿ ಅಂದರೆ ಕುದಿಯುವ ನೀರಿನಲ್ಲಿಟ್ಟರೂ ಸಾಯುವುದಿಲ್ಲ. ಅವುಗಳಿಗೆ 121 ಡಿಗ್ರಿ ಶಾಖ ಬೇಕು, ಅಂದರೆ 15 ಪಿಎಸ್‌ಐ ಒತ್ತಡದ ಹಬೆ. ಅದು ಮನೆಯಲ್ಲಿ ಸಿಗುವುದು ಕುಕ್ಕರ್‌ನಲ್ಲಿ. ಅಷ್ಟು ಶಾಖದಲ್ಲಿ ತುಂಬಿದ ಚೀಲವೇ ಬೇಯಬೇಕು. ಇಲ್ಲಿ ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಚೀಲ ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ.

ಅಂಗಡಿಯಲ್ಲಿ ಪಿಪಿ ಗುರುತಿಸುವುದು

ಮೆತ್ತಗಿನ ಸಾಮಾನ್ಯ ಕವರ್ ಎಲ್‌ಡಿಪಿಇ, ಅದು 105ರಿಂದ 115 ಡಿಗ್ರಿಗೇ ಕರಗುತ್ತದೆ. ಹಾಲಿನಂತೆ ಮಸುಕಾಗಿರುವ ಎಚ್‌ಡಿಪಿಇ ಸುಮಾರು 130ಕ್ಕೆ ಕರಗುತ್ತದೆ, 121ರಲ್ಲಿ ತುಂಬಾ ಮೆತ್ತಗಾಗುತ್ತದೆ. ಪಿಪಿ ಕರಗಲು 160 ಡಿಗ್ರಿ ಹತ್ತಿರ ಬೇಕು. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪಿಪಿ ಗಾಜಿನಷ್ಟು ತಿಳಿ, ಮುದುರಿದರೆ ಚರಚರ ಸದ್ದು, ಹೆಬ್ಬೆರಳಿನಲ್ಲಿ ಒತ್ತಿ ಎಳೆದರೆ ಸುಲಭವಾಗಿ ಹಿಗ್ಗುವುದಿಲ್ಲ. ಎಲ್‌ಡಿಪಿಇ ಸದ್ದಿಲ್ಲದೆ ರಬ್ಬರಿನ ಹಾಗೆ ಹಿಗ್ಗುತ್ತದೆ.

ಅಂಗಡಿಯವರು ಪಿಪಿ ಅಂದರು ಅಂತ ಒಂದು ಕೆಜಿ ತಂದು ಬಿಡಬೇಡಿ. ಒಂದೆರಡು ಕವರ್ ತಂದು ಮೊದಲು ಪರೀಕ್ಷೆ ಮಾಡಿ. ಅಂಗೈ ಅಗಲದ ತುಂಡು ಕತ್ತರಿಸಿ, ಚಿಕ್ಕ ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳ ಸಡಿಲವಾಗಿ ಮುಚ್ಚಿ ಕುಕ್ಕರ್‌ನಲ್ಲಿ 20 ನಿಮಿಷ ಬೇಯಿಸಿ. ಡಬ್ಬಿ ಇಲ್ಲದೆ ಹಾಗೇ ಹಾಕಬೇಡಿ, ಕರಗಿದ ಪ್ಲಾಸ್ಟಿಕ್ ಹಬೆ ಹೋಗುವ ತೂತಿಗೆ ಸಿಕ್ಕಿಕೊಂಡರೆ ಅಪಾಯ. ಆರಿದ ಮೇಲೆ ತೆಗೆದು ನೋಡಿ. ತುಂಡು ಹಾಗೇ ಇದ್ದರೆ, ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ, ಪಿಪಿ. ಮುದುಡಿ ಡಬ್ಬಿಗೆ ಅಂಟಿದ್ದರೆ ಆ ಕವರ್ ಹುಲ್ಲು ತುಂಬಲು ಇಟ್ಟುಕೊಳ್ಳಿ.

ದಪ್ಪ ಕನಿಷ್ಠ 200 ಗೇಜ್ ಇರಲಿ, ಅಂದರೆ 50 ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಬೇಳೆಕಾಳು ಕಟ್ಟುವ ತೆಳು ಪಿಪಿ ಕವರ್ ಕರಗುವುದಿಲ್ಲ ನಿಜ, ಆದರೆ ಅದರ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಹೊಲಿಗೆ ಅಂದರೆ ತಳದಲ್ಲಿ ಬಿಸಿಯಿಂದ ಅಂಟಿಸಿದ ಗೆರೆ. ನನ್ನ ಮಟ್ಟಿಗೆ ಚೀಲದ ಗುಣಮಟ್ಟ ಅಂದರೆ ಆ ಗೆರೆಯೇ. ಚೀಲಕ್ಕೆ ಅರ್ಧ ನೀರು ತುಂಬಿ, ಬಾಯಿ ತಿರುಚಿ ಹಿಡಿದು, ಮೇಲಿನಿಂದ ಒತ್ತಿ. ಗೆರೆಯ ತುದಿಗಳಲ್ಲಿ, ಮೂಲೆಯಲ್ಲಿ ಒಂದು ಸಣ್ಣ ಹನಿ ಇಣುಕಿದರೂ ಆ ಚೀಲ ಬೇಡ. ನೀರು ಬರುವ ತೂತಿನಲ್ಲಿ ಬೂಷ್ಟಿನ ಬೀಜಾಣು ಆರಾಮಾಗಿ ಒಳಗೆ ಹೋಗುತ್ತದೆ, ಅವು ಮೂರ್ನಾಲ್ಕು ಮೈಕ್ರಾನ್ ಗಾತ್ರದವು ಅಷ್ಟೇ.

ಅಳತೆ ನಿಮ್ಮ ಕುಕ್ಕರ್ ನೋಡಿ ಆರಿಸಿ. 8×12 ಇಂಚಿನ ಚೀಲದಲ್ಲಿ ಅರ್ಧ ಕೆಜಿಯಷ್ಟು ತುಂಬಬಹುದು. ಮನೆಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಚೀಲದ ನಡುವಿಗೆ ಶಾಖ ಹೋಗಲು ತುಂಬಾ ಹೊತ್ತು ಬೇಕು, ಒಂದು ಕೆಟ್ಟರೆ ನಷ್ಟವೂ ದೊಡ್ಡದು.

ಉಸಿರಾಟದ ದಾರಿ

ಅಣಬೆಯ ಬಿಳಿ ಎಳೆಗಳು ನಮ್ಮ ಹಾಗೆಯೇ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಚೀಲವನ್ನು ಪೂರ್ತಿ ಮುಚ್ಚಿದರೆ ಎಳೆ ಅರ್ಧಕ್ಕೇ ನಿಲ್ಲುತ್ತದೆ, ಬಾಯಿ ತೆರೆದಿಟ್ಟರೆ ಬೂಷ್ಟು ಬರುತ್ತದೆ. ಇದಕ್ಕಾಗಿ ಫಿಲ್ಟರ್ ಪ್ಯಾಚ್ ಇರುವ ಚೀಲಗಳು ಬರುತ್ತವೆ. ಎರಡೂ ಬದಿಗೆ ಮಡಿಕೆ, ಮೇಲ್ಭಾಗದಲ್ಲಿ ಬಿಳಿ ಚೌಕ, ಆನ್‌ಲೈನ್‌ನಲ್ಲಿ ನೋಡಿರುತ್ತೀರಿ ಅಲ್ವಾ? 0.2 ಮೈಕ್ರಾನ್ ಫಿಲ್ಟರ್ ಅತಿ ಬಿಗಿ, ಕಾಳಿನ ಬೀಜ ಮಾಡುವವರಿಗೆ ಸರಿ. ಮರದ ಹೊಟ್ಟಿಗೆ 0.5 ಸಾಕು. 5 ಮೈಕ್ರಾನ್‌ನದು ಗಾಳಿ ಜಾಸ್ತಿ ಬಿಡುತ್ತದೆ, ಅಪಾಯವೂ ಜಾಸ್ತಿ.

ಆದರೆ ಚಿಪ್ಪು ಅಣಬೆಗೆ ಇದೆಲ್ಲ ಇರಲೇಬೇಕು ಅಂತಿಲ್ಲ. ಸಾದಾ ಪಿಪಿ ಚೀಲದ ಬಾಯಿಗೆ ಒಂದು ಉಂಗುರ ತೂರಿಸಿ, ಅಂಚನ್ನು ಹೊರಗೆ ಮಡಚಿ ರಬ್ಬರ್ ಬ್ಯಾಂಡ್ ಹಾಕಿ, ಒಳಗೆ ಹತ್ತಿ ತುರುಕಿದರೆ ಅದೇ ಫಿಲ್ಟರ್. ನಾನು ಎಲ್ಲರಿಗೂ ಹೇಳುವುದು ಇದನ್ನೇ, ಖರ್ಚು ಕಡಿಮೆ, ಸಾಮಾನು ಎಲ್ಲ ಊರಲ್ಲೂ ಸಿಗುತ್ತದೆ. ಎರಡು ಎಚ್ಚರಿಕೆ ಮಾತ್ರ. ಪಿವಿಸಿ ಪೈಪ್ ಕತ್ತರಿಸಿ ಉಂಗುರ ಮಾಡಿದರೆ ಕುಕ್ಕರ್ ಶಾಖಕ್ಕೆ ಮೆತ್ತಗಾಗಿ ಸೊಟ್ಟಗಾಗುತ್ತದೆ, ಪಿಪಿ ಉಂಗುರ ಕೇಳಿ ತನ್ನಿ. ಮೆಡಿಕಲ್ ಶಾಪ್‌ನ ಸರ್ಜಿಕಲ್ ಹತ್ತಿ ಬೇಡವೇ ಬೇಡ, ಅದು ನೀರು ಹೀರುತ್ತದೆ, ಒದ್ದೆ ಹತ್ತಿಯಲ್ಲೇ ಬೂಷ್ಟು ಬೆಳೆದು ಒಳಗೆ ಇಳಿಯುತ್ತದೆ. ಹಾಸಿಗೆಗೆ ತುಂಬುವ ಕಚ್ಚಾ ಹತ್ತಿಯಲ್ಲಿ ಸಹಜವಾದ ಮೇಣ ಇರುತ್ತದೆ, ಸುಲಭಕ್ಕೆ ಒದ್ದೆಯಾಗುವುದಿಲ್ಲ.

ತುಂಬುವುದು

ಮಾವು, ಹಲಸು, ಸಿಲ್ವರ್ ಓಕ್, ರಬ್ಬರ್ ಮರದ ಹೊಟ್ಟು ಒಳ್ಳೆಯದು. ತೇಗ, ಬೇವು ಬೇಡ. ಪ್ಲೈವುಡ್ ಕೊಯ್ಯುವ ಕಡೆಯಿಂದಂತೂ ತರಲೇಬೇಡಿ, ಅದರಲ್ಲಿ ಅಂಟು ಇರುತ್ತದೆ. ತೂಕದಲ್ಲಿ ನಾಲ್ಕು ಪಾಲು ಹೊಟ್ಟಿಗೆ ಒಂದು ಪಾಲು ಗೋಧಿ ಬೂಸಾ ಅಥವಾ ಅಕ್ಕಿ ತೌಡು. ಮೊದಲ ಸಲ ಮಾಡುವವರು ಬೂಸಾ ಇನ್ನೂ ಕಡಿಮೆ ಹಾಕಿ, ಇಳುವರಿ ಸ್ವಲ್ಪ ಕಮ್ಮಿಯಾದರೂ ಕೆಡುವುದು ಕಡಿಮೆ. ನೀರು ಚಿಮುಕಿಸುತ್ತಾ ಕಲಸಿ. ಒಂದು ಮುಷ್ಟಿ ತೆಗೆದು ಬಲವಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಹೊಳೆಯಬೇಕು, ಒಂದೆರಡು ಹನಿಗಿಂತ ಜಾಸ್ತಿ ಬೀಳಬಾರದು. ನೀರು ಜಾಸ್ತಿಯಾದರೆ ತಳದಲ್ಲಿ ನಿಂತು ಹುಳಿ ವಾಸನೆ ಬರುತ್ತದೆ.

ಚೀಲದ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ. ತಳ ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ಸಾಕು, ಮುಷ್ಟಿಯಿಂದ ಗಿಡಿಯಬೇಡಿ. ಹೊಟ್ಟಿನಲ್ಲಿ ಚೂಪಾದ ಚಕ್ಕೆ ಇದ್ದರೆ ಮೊದಲೇ ಜರಡಿ ಹಿಡಿಯಿರಿ, ಚೀಲ ತೂತಾಗುವುದು ಹೆಚ್ಚಾಗಿ ಅವುಗಳಿಂದಲೇ. ಹತ್ತಿಯ ಮೇಲೆ ಕಾಗದ ಅಥವಾ ಅಲ್ಯೂಮಿನಿಯಂ ಫಾಯಿಲ್ ಕಟ್ಟಿ. ಫಿಲ್ಟರ್ ಚೀಲವಾದರೆ ಗಾಳಿ ತೆಗೆದು, ಬಾಯಿಯನ್ನು ಪ್ಯಾಚ್ ಮೇಲೆ ಮಡಚಿಡಿ, ಪ್ಯಾಚ್ ನೀರಲ್ಲಿ ನೆನೆಯಬಾರದು.

ಬೇಯಿಸುವುದು

10-12 ಲೀಟರ್ ಕುಕ್ಕರ್ ಇದ್ದರೆ ಅನುಕೂಲ. ತಳಕ್ಕೆ ಸ್ಟ್ಯಾಂಡ್ ಅಥವಾ ತೂತಿನ ತಟ್ಟೆ, ಅದರ ಕೆಳಗೆ ಎರಡು ಮೂರು ಇಂಚು ನೀರು. ಚೀಲ ತಳಕ್ಕೂ ಮುಟ್ಟಬಾರದು, ಪಕ್ಕದ ಲೋಹಕ್ಕೂ ಅಂಟಿರಬಾರದು, ಮೇಲೆ ಹಬೆ ತೂತನ್ನಂತೂ ಮುಚ್ಚಲೇಬಾರದು. ಹೊಸಬರು ಚೀಲ ಇಡುವ ಮುಂಚೆ ಒಂದು ದಿನ ಬರೀ ನೀರು ಹಾಕಿ ಒಂದೂವರೆ ಗಂಟೆ ಓಡಿಸಿ, ಆರಿದ ಮೇಲೆ ಎಷ್ಟು ನೀರು ಉಳಿದಿದೆ ನೋಡಿ. ನಿಮ್ಮ ಒಲೆ, ನಿಮ್ಮ ಕುಕ್ಕರ್ ಎಷ್ಟು ನೀರು ಕುಡಿಯುತ್ತವೆ ಅನ್ನುವುದು ಹೀಗೇ ಗೊತ್ತಾಗಬೇಕು. ನೀರು ಪೂರ್ತಿ ಆವಿಯಾದ ಕುಕ್ಕರ್ ತುಂಬಾ ಅಪಾಯ. ಅಲ್ಯೂಮಿನಿಯಂ ಕುಕ್ಕರ್ ಕಪ್ಪಾಗದಿರಲು ನೀರಿಗೆ ಒಂದು ಚೂರು ಹುಣಸೆಹಣ್ಣು ಹಾಕಿ.

ಮುಚ್ಚಳ ಹಾಕಿದ ತಕ್ಷಣ ವೇಯ್ಟ್ ಇಡಬೇಡಿ. ಹಬೆ ಜೋರಾಗಿ ಬರಲು ಶುರುವಾಗಿ ಏಳೆಂಟು ನಿಮಿಷ ಆಗಲಿ, ಒಳಗಿನ ಗಾಳಿ ಹೊರಗೆ ಹೋಗಲಿ. ಗಾಳಿ ಒಳಗೇ ಉಳಿದರೆ ಒತ್ತಡ ಇದ್ದರೂ ಶಾಖ ಇರುವುದಿಲ್ಲ. ಆಮೇಲೆ ವೇಯ್ಟ್ ಇಟ್ಟು, ಮೊದಲ ವಿಷಲ್ ಆದ ಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ಇಲ್ಲಿ ವಿಷಲ್ ಎಣಿಸಿ ಪ್ರಯೋಜನ ಇಲ್ಲ. ಅರ್ಧ ಕೆಜಿ ಚೀಲಕ್ಕೆ 90 ನಿಮಿಷ, ಒಂದು ಕೆಜಿಗೆ 2 ಗಂಟೆ. ಇದು ಕರಾವಳಿಯ ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನೀರು 97 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಒಳಗೂ ಒಂದೆರಡು ಡಿಗ್ರಿ ಕಡಿಮೆಯೇ. ಆದ್ದರಿಂದ ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನವರು ಇನ್ನೂ 15-20 ನಿಮಿಷ ಸೇರಿಸಿಕೊಳ್ಳಿ.

ಒಲೆ ಆರಿಸಿದ ಮೇಲೆ ವೇಯ್ಟ್ ಎತ್ತಿ ಹಬೆ ಬಿಡಬೇಡಿ. ಹೊರಗೆ ಒತ್ತಡ ತಟ್ಟನೆ ಇಳಿದರೆ ಚೀಲ ಬಲೂನಿನಂತೆ ಉಬ್ಬಿ ಹೊಲಿಗೆ ಒಡೆಯುತ್ತದೆ. ಬಿಸಿ ಪಿಪಿ ಮೆತ್ತಗಿರುತ್ತದೆ, ಎತ್ತಲು ಹೋದರೆ ಬೆರಳ ಗುರುತೇ ತೂತಾಗಬಹುದು. ರಾತ್ರಿಯೆಲ್ಲ ಕುಕ್ಕರ್‌ನಲ್ಲೇ ಆರಲಿ, ಬೆಳಿಗ್ಗೆ ತೆಗೆಯಿರಿ.

ಬೀಜ ಹಾಕುವುದು, ಕಾಯುವುದು

ಅಣಬೆ ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕಾಳಿನ ಮೇಲೆಲ್ಲ ಬಿಳಿ ಎಳೆ ಹಬ್ಬಿರಬೇಕು, ಹಸಿರು ಕಪ್ಪು ಚುಕ್ಕೆ, ಹುಳಿ ವಾಸನೆ ಇರಬಾರದು. ಬೆಳಿಗ್ಗೆ ಬೇಗ, ಯಾರೂ ಕಸ ಗುಡಿಸುವ ಮುಂಚೆ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೆಲಸ ಮಾಡಿ. ಕೈ, ಮೇಜು, ಚಮಚ ಎಲ್ಲ ಸ್ಪಿರಿಟ್‌ನಲ್ಲಿ ಒರೆಸಿ, ಹತ್ತಿರ ಒಲೆ ದೀಪ ಉರಿಯುತ್ತಿರಬಾರದು. ಚೀಲ ಮುಟ್ಟಿದರೆ ತಣ್ಣಗಿರಬೇಕು. ಹತ್ತಿ ತೆಗೆದು, ಅರ್ಧ ಕೆಜಿಗೆ 20-25 ಗ್ರಾಂ ಬೀಜ ಸುರಿದು, ತಕ್ಷಣ ಹತ್ತಿ ಹಾಕಿ. ಅರ್ಧ ನಿಮಿಷದ ಕೆಲಸ. ಆಮೇಲೆ ಅಲುಗಾಡಿಸಿ ಬೀಜ ಹರಡಿ.

ಕತ್ತಲಿರುವ ಅಟ್ಟದ ಮೇಲೆ, 25ರಿಂದ 28 ಡಿಗ್ರಿಯಲ್ಲಿ, ಚೀಲಗಳ ನಡುವೆ ಜಾಗ ಬಿಟ್ಟು ಇಡಿ. ಸುಮ್ನೆ ದಿನಾ ಎತ್ತಿ ಒತ್ತಿ ನೋಡಬೇಡಿ, ಪ್ರತಿ ಸಲ ಒತ್ತಿ ಬಿಟ್ಟಾಗ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಹುಲ್ಲಿನ ಚೀಲ 15-20 ದಿನಕ್ಕೆ ಬೆಳ್ಳಗಾಗುತ್ತದೆ, ಮರದ ಹೊಟ್ಟಿಗೆ ಇನ್ನೊಂದು ವಾರ ಹಿಡಿಯಬಹುದು. ನಡುವೆ ಹಸಿರು ಕಂಡರೆ ಅದು ಟ್ರೈಕೋಡರ್ಮಾ ಅನ್ನುವ ಬೂಷ್ಟು. ಬಿಚ್ಚಿ ನೋಡಬೇಡಿ, ಇನ್ನೊಂದು ಕವರ್‌ನಲ್ಲಿ ಕಟ್ಟಿ ಆಗಲೇ ಮನೆಯಿಂದ ಹೊರಗೆ ಹಾಕಿ.

ಪೂರ್ತಿ ಬೆಳ್ಳಗಾದ ಚೀಲಕ್ಕೆ ಬ್ಲೇಡಿನಿಂದ ಎರಡು ಮೂರು ಕಡೆ ಒಂದಿಂಚು ಸೀಳಿ. ಗಾಳಿ ಆಡುವ, ಮಬ್ಬು ಬೆಳಕಿನ ಜಾಗದಲ್ಲಿಟ್ಟು, ಸುತ್ತ ಒದ್ದೆ ಗೋಣಿ ಚೀಲ ಇಳಿಬಿಡಿ. ನಾಲ್ಕೈದು ದಿನಕ್ಕೆ ಸೀಳಿನಲ್ಲಿ ಗುಂಡುಸೂಜಿ ತಲೆಯಷ್ಟು ಮೊಗ್ಗು ಕಾಣುತ್ತದೆ. ಕಾಂಡ ಉದ್ದ, ಕೊಡೆ ಚಿಕ್ಕದು ಆಗುತ್ತಿದ್ದರೆ ಗಾಳಿ ಸಾಲದು ಅಂತ ಅರ್ಥ. ಕೊಡೆಯ ಅಂಚು ಮೇಲಕ್ಕೆ ತಿರುಗುವ ಮುಂಚೆ ತಿರುಚಿ ಕೀಳಿ, ಬಿಟ್ಟರೆ ಬೀಜಾಣು ಉದುರಿ ಕೆಮ್ಮು ಬರುತ್ತದೆ. ಉಬ್ಬಸ ಇರುವವರ ಮನೆಯೊಳಗೆ ಈ ಹಂತ ಬೇಡ, ಹೊರಗಿನ ಶೆಡ್‌ನಲ್ಲಿ ಮಾಡಿ.

ವಾರ ಹತ್ತು ದಿನ ಬಿಟ್ಟು ಎರಡನೇ ಬೆಳೆ, ಚೆನ್ನಾಗಿದ್ದರೆ ಮೂರನೆಯದೂ ಬರುತ್ತದೆ. ಆಮೇಲೆ ಒಳಗಿನದನ್ನು ಗೊಬ್ಬರದ ಗುಂಡಿಗೆ ಸುರಿಯಿರಿ. ಸೀಳಿದ ಚೀಲ ಮತ್ತೆ ಬಳಸಲು ಬರುವುದಿಲ್ಲ, ತೊಳೆದು ಒಣಗಿಸಿ ಒಣ ಕಸಕ್ಕೆ ಕೊಡಿ. ಪಿಪಿ ಉಂಗುರವನ್ನು ಮಾತ್ರ ಕುದಿಸಿ ಎತ್ತಿಡಿ, ಅದು ಎಷ್ಟೋ ಸಲಕ್ಕೆ ಬರುತ್ತದೆ.