10 ಅಡಿ, 12 ಅಡಿ, ಇಬ್ಬರು: ರಾಯಚೂರಿನ ಹಾಸ್ಟೆಲ್ ಕೋಣೆಯಲ್ಲಿ ನನ್ನ ಅನುಭವ

ರಾಯಚೂರಿನಲ್ಲಿ ಪದವಿ ಓದುವಾಗ ನಾನಿದ್ದ ಹಾಸ್ಟೆಲ್ ಕೋಣೆ 10 ಅಡಿ ಅಗಲ, 12 ಅಡಿ ಉದ್ದದ್ದು. ಅದು ಕೊನೆಯ ಮಹಡಿಯಾಗಿದ್ದುದರಿಂದ ನೆತ್ತಿಯ ಮೇಲೆ ನೇರವಾಗಿ ಮಾಳಿಗೆಯೇ, ಅಂದರೆ ತಾರಸಿಯೇ, ಇತ್ತು. ಎರಡು ಕಬ್ಬಿಣದ ಮಂಚ, ಎರಡು ಮೇಜು, ಗೋಡೆಯೊಳಗೊಂದು ಕಪಾಟು, ಒಂದು ಕಿಟಕಿ, ಒಂದು ಫ್ಯಾನು, ಒಂದೇ ಪ್ಲಗ್ ಪಾಯಿಂಟ್. ನಾನು ಲಿಂಗಸುಗೂರು ಕಡೆಯ ಒಣಬೇಸಾಯದ ಊರಿನವನು. ಜೊತೆಗಾರ ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನವನು, ಅಂದರೆ ವಲಸೆ ಬಂದ ರೈತರು ಕಟ್ಟಿಕೊಂಡ ಊರಿನವನು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಹಚ್ಚಿದ ಮನೆತನದ ಮೊಮ್ಮಗ. ಅವನಿಗೆ ಎರಡು ಹೊತ್ತೂ ಅನ್ನ ಬೇಕು, ನನಗೆ ರೊಟ್ಟಿ ಇಲ್ಲದೆ ಹೊಟ್ಟೆ ತುಂಬದು.

ಇಬ್ಬರು ಒಂದು ಕೋಣೆಗೆ ಬಂದರೆ ಸಾಮಾನ್ಯವಾಗಿ ಮೊದಲು ನಡೆಯುವುದು ಜಾಗದ ಪಾಲು: ಈ ಗೋಡೆ ನಿನ್ನದು, ಆ ಗೋಡೆ ನನ್ನದು. 120 ಚದರಡಿಯಲ್ಲಿ ಎರಡು ಮಂಚಗಳೇ 36 ಚದರಡಿ ನುಂಗಿದ ಮೇಲೆ, ಮೇಜು ಮತ್ತು ಟ್ರಂಕುಗಳನ್ನೂ ಕಳೆದರೆ, ಪಾಲು ಮಾಡಲು ಉಳಿಯುವ ನೆಲವಾದರೂ ಎಷ್ಟು? ಹಾಗಾಗಿ ನಾವು ಹೊತ್ತನ್ನು ಪಾಲು ಮಾಡಿಕೊಂಡೆವು. ನಸುಕಿನ ಕೋಣೆ ಅವನದು, ರಾತ್ರಿಯ ಕೋಣೆ ನನ್ನದು ಎಂಬುದು ಒಪ್ಪಂದದ ತಿರುಳು. ಅವನು ನಾಲ್ಕಕ್ಕೆದ್ದು ಓದುವವನು, ನಾನು ನಡುರಾತ್ರಿಯವರೆಗೆ ಓದುವವನು. ರಾತ್ರಿ ಹತ್ತೂವರೆಯಿಂದ ಬೆಳಗಿನ ಐದೂವರೆಯವರೆಗೆ ಟ್ಯೂಬ್‌ಲೈಟ್ ಹಚ್ಚುವಂತಿಲ್ಲ; ಎಚ್ಚರವಿದ್ದವನು 5 ವ್ಯಾಟಿನ ಎಲ್‌ಇಡಿ ಟೇಬಲ್ ಲ್ಯಾಂಪನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಓದಬೇಕು. ಅಲಾರಾಂ ಒಮ್ಮೆ ಮಾತ್ರ ಬಡಿಯಬೇಕು. ಮನೆಗೆ ಫೋನು ಮಾಡುವುದಿದ್ದರೆ ವರಾಂಡಕ್ಕೆ ಹೋಗಬೇಕು. ಅವನ ತೆಲುಗು ನನಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಅರ್ಥವಾಗುವ ಮಾತು ಒಂದಿಷ್ಟೂ ಅರ್ಥವಾಗದ ಮಾತಿಗಿಂತ ಹೆಚ್ಚು ನಿದ್ದೆ ಕೆಡಿಸುತ್ತದೆ.

ಮಂಚಗಳನ್ನು ಎದುರುಬದುರು ಗೋಡೆಗೆ ಹಾಕುವ ವಾಡಿಕೆಯನ್ನು ಬಿಟ್ಟು, ಒಂದನ್ನು ಉದ್ದ ಗೋಡೆಗೂ ಇನ್ನೊಂದನ್ನು ಅಡ್ಡ ಗೋಡೆಗೂ ಸೇರಿಸಿ ಮೂಲೆಗೊತ್ತಿದೆವು. ಇದರಿಂದ ನಡುವಿನ ಓಣಿಯಂಥ ಸಂದಿ ಹೋಗಿ, ಬಾಗಿಲ ಕಡೆ ಇಬ್ಬರು ಚಾಪೆ ಹಾಸಿ ಉಣ್ಣುವಷ್ಟು ನೆಲ ಒಂದೇ ಕಡೆ ದೊರೆಯಿತು. ಪ್ಲಗ್ಗಿನ ವಿಷಯವನ್ನು ಲೆಕ್ಕ ಹಾಕಿಯೇ ಇತ್ಯರ್ಥ ಮಾಡಬೇಕಾಯಿತು. 6 ಆಂಪಿಯರಿನ ಪಾಯಿಂಟು 230 ವೋಲ್ಟಿನಲ್ಲಿ ಹೆಚ್ಚೆಂದರೆ 1380 ವ್ಯಾಟ್ ತಾಳುತ್ತದೆ. ಅದಕ್ಕೆ ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿ ನಾಲ್ಕು ತೂತು ಮಾಡಿಕೊಂಡ ಮಾತ್ರಕ್ಕೆ ಈ ಮಿತಿ ಹೆಚ್ಚುವುದಿಲ್ಲ. 1500 ವ್ಯಾಟಿನ ಕೆಟಲ್ ಒಂದೇ ಇದನ್ನು ಮೀರುತ್ತದೆ. ಆದ್ದರಿಂದ 600 ವ್ಯಾಟಿನ ಚಿಕ್ಕ ಕೆಟಲ್ ಕೊಂಡು, ಅದು ಕುದಿಯುವಾಗ ಇಸ್ತ್ರಿಪೆಟ್ಟಿಗೆ ಹಚ್ಚಬಾರದೆಂದು ಕಟ್ಟಳೆ ಮಾಡಿಕೊಂಡೆವು.

ಇಷ್ಟೆಲ್ಲ ಕಟ್ಟಳೆ ನಿಜವಾಗಿ ಒರೆಗೆ ಬಂದದ್ದು ಬೇಸಿಗೆಯಲ್ಲಿ. ರಾಯಚೂರಿನ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಹೊರಗಿನವರಿಗೆ ತಿಳಿಯದ ಸಂಗತಿಯೆಂದರೆ, ಕೊನೆಯ ಮಹಡಿಯ ಕೋಣೆ ಮಧ್ಯಾಹ್ನಕ್ಕಿಂತ ರಾತ್ರಿ ಹತ್ತಕ್ಕೆ ಹೆಚ್ಚು ಕಾಡುತ್ತದೆ ಎಂಬುದು. ಕಾಂಕ್ರೀಟ್ ಮಾಳಿಗೆ ಹಗಲೆಲ್ಲ ಹೀರಿಕೊಂಡ ಕಾವನ್ನು ಸೂರ್ಯ ಮುಳುಗಿದ ಮೇಲೆ ಕೆಳಗೆ ಬಿಡುತ್ತಾ ಹೋಗುತ್ತದೆ, ಫ್ಯಾನು ಆ ಕಾದ ಗಾಳಿಯನ್ನೇ ಮೈಮೇಲೆ ನೂಕುತ್ತದೆ. ಇಬ್ಬರೂ ಸೇರಿ ಒಂದು ಕೂಲರ್ ಕೊಂಡೆವು. ಒಣಹವೆಯಿರುವ ನಮ್ಮ ಕಡೆಗೆ ಕೂಲರಿನಷ್ಟು ಒಗ್ಗುವ ಯಂತ್ರ ಬೇರೆಯಿಲ್ಲ. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಎಳೆದುಕೊಳ್ಳುತ್ತದೆ, ಗಾಳಿ ಒಣಗಿದಷ್ಟೂ ತಂಪು ಹೆಚ್ಚು. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದನ್ನು ನಡೆಸಿದರೆ ಸ್ವಲ್ಪ ಹೊತ್ತಿನಲ್ಲೇ ಮೈ ಜಿಗಿಜಿಗಿಯಾಗುತ್ತದೆ. ಕೂಲರಿನ ಬೆನ್ನು ಕಿಟಕಿಗೆ ಇರಬೇಕು, ಎದುರಿನ ಬಾಗಿಲು ಒಂದು ಗೇಣಾದರೂ ತೆರೆದಿರಬೇಕು. ಮುಂಗಾರು ಬಿದ್ದು ಹವೆ ತೇವವಾಯಿತೆಂದರೆ ಅದರ ಕೆಲಸ ಮುಗಿಯಿತು.

ಕಿಟಕಿಯಲ್ಲಿ ಕೂತ ಕೂಲರಿನ ಗಾಳಿ ಉದ್ದ ಗೋಡೆಯ ಮಂಚಕ್ಕೆ ನೇರವಾಗಿ ಬರುತ್ತಿತ್ತು, ಅಡ್ಡ ಗೋಡೆಯವನಿಗೆ ಅದರ ಶಬ್ದವಷ್ಟೇ ಬರುತ್ತಿತ್ತು. ಇದಕ್ಕೆ ನಾವು ಕಂಡುಕೊಂಡದ್ದು ಅಮಾವಾಸ್ಯೆಗೊಮ್ಮೆ ಮಂಚ ಬದಲಿಸುವುದು. ಆ ದಿನವನ್ನೇ ಆರಿಸಿದ್ದಕ್ಕೆ ಭಕ್ತಿ ಕಾರಣವಲ್ಲ. ಇಬ್ಬರ ಮನೆಯವರೂ ತಪ್ಪದೆ ನೆನಪಿಸುವ ದಿನ ಅದೊಂದೇ ಆಗಿತ್ತು. ನೀರು ತುಂಬುವ ಕೆಲಸ, ಗಾಳಿ ಸಿಗುವ ಮಂಚದವನದು. ನಮ್ಮ ಬೋರ್‌ವೆಲ್ಲಿನ ನೀರು ಗಡಸಾದುದರಿಂದ ಹುಲ್ಲಿನ ಪ್ಯಾಡಿನ ಮೇಲೆ ಬಿಳಿಯ ಉಪ್ಪು ಕಟ್ಟಿ ಗಾಳಿಯಾಡದಂತಾಗುತ್ತಿತ್ತು; ಟ್ಯಾಂಕಿನ ಹಳೆಯ ನೀರನ್ನು ಆಗಾಗ ಪೂರ್ತಿ ಚೆಲ್ಲದಿದ್ದರೆ ಒಂದೇ ಬೇಸಿಗೆಗೆ ಪ್ಯಾಡು ಹಾಳು.

ಮಂಚ ಬದಲಿಸುವ ದಿನವೇ ತಿಗಣೆಯ ತಪಾಸಣೆಯೂ ನಡೆಯುತ್ತಿತ್ತು. ಹಾಸ್ಟೆಲ್ ವಾಸದ ಬಗ್ಗೆ ಮಾತನಾಡುವವರು ಇದನ್ನು ಮುಜುಗರದಿಂದ ಬಿಟ್ಟುಬಿಡುತ್ತಾರೆ, ಆದರೆ ಪಾಲುದಾರಿಕೆಯ ನಿಜವಾದ ಪರೀಕ್ಷೆ ಇದೇ. ಒಬ್ಬನು ತನ್ನ ಗಾದಿಯನ್ನಷ್ಟೇ ಒಣಗಿಸಿದರೆ ಪ್ರಯೋಜನವಿಲ್ಲ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಜೀವಿ ಅದು; ಪಕ್ಕದ ಮಂಚದ ಸಂದಿಯಲ್ಲಿ ಕಾದು ಕುಳಿತಿರುತ್ತದೆ. ಮಂಚದ ಕಾಲು ಮತ್ತು ಪಟ್ಟಿ ಕೂಡುವ ಕಡೆ, ಬೋಲ್ಟಿನ ತಲೆಯ ಸುತ್ತ, ಕರಿಯ ಶಾಯಿಯ ಚುಕ್ಕಿಯಂಥ ಕಲೆಗಳು ಕಂಡರೆ ಅಲ್ಲಿ ಸಂಸಾರ ಹೂಡಿದೆ ಎಂದೇ ತಿಳಿಯಬೇಕು. ಎರಡೂ ಮಂಚಗಳನ್ನು ವರಾಂಡಕ್ಕೆ ಎಳೆದು ಅಡ್ಡ ಕೆಡವಿ, ಕೆಟಲಿನಲ್ಲಿ ಕುದಿಸಿದ ನೀರನ್ನು ಒಬ್ಬನು ಸಂದಿಗೆ ಸಣ್ಣ ಧಾರೆಯಾಗಿ ಬಿಡುತ್ತಿದ್ದ, ಇನ್ನೊಬ್ಬನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದ. ಗಾದಿಗಳನ್ನು ಬಿಸಿಲಿಗೆ ಸುಮ್ಮನೆ ಹಾಕಿದರೆ ತಿಗಣೆಗಳು ನೆರಳಿನ ಮಗ್ಗುಲಿಗೆ ಸರಿದು ಬದುಕಿಕೊಳ್ಳುತ್ತವೆ. ಕರಿಯ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಾಯಿ ಕಟ್ಟಿ, ಮೇ ತಿಂಗಳ ಮಾಳಿಗೆಯ ಮೇಲೆ ಹಗಲಿಡೀ ಬಿಟ್ಟು, ನಡುಹಗಲು ಒಮ್ಮೆ ಮಗ್ಗುಲು ಹೊರಳಿಸಬೇಕು. ಒಳಗೆಲ್ಲ 50 ಡಿಗ್ರಿಯ ಕಾವು ಹಿಡಿದು ನಿಂತರೆ ಮೊಟ್ಟೆಯೂ ಉಳಿಯುವುದಿಲ್ಲ. ಆದರೂ ಎಲ್ಲೋ ತಪ್ಪಿಸಿಕೊಂಡ ಮೊಟ್ಟೆ ವಾರ, ಹತ್ತು ದಿನದಲ್ಲಿ ಒಡೆಯುವುದರಿಂದ ಎರಡು ವಾರದೊಳಗೆ ಇದೇ ಕೆಲಸವನ್ನು ಮತ್ತೊಮ್ಮೆ ಮಾಡಲೇಬೇಕು.

ಊಟದ ವಿಷಯದಲ್ಲಿ ತಕರಾರು ಕಡಿಮೆ. ನನ್ನ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಎನ್ನುತ್ತಾರೆ) ಮತ್ತು ಅವನ ಮಾವಿನಕಾಯಿ ಉಪ್ಪಿನಕಾಯಿ ಒಂದೇ ಕಪಾಟಿನಲ್ಲಿ ಇದ್ದವು. ಎಳ್ಳಮಾಸೆಗೆ ಮನೆಯಿಂದ ಬರುತ್ತಿದ್ದ, ಹುಳಿ ಬರಿಸಿದ ಚಟ್ನಿಯಾದ ಕರಿಂಡಿಯ ಭರಣಿಯನ್ನು ಮಾತ್ರ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಡಬೇಕೆಂದು ಅವನು ಹಟ ಹಿಡಿದ. ಅದರ ಹುಳಿ ವಾಸನೆಗೆ ಹುಟ್ಟಿನಿಂದ ಒಗ್ಗಿದವನಾದ ನಾನೂ ಅವನ ಹಟದಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ.

ಅತಿಥಿಗಳ ಮಾತನ್ನು ಹೇಳಲೇಬೇಕು. ರಾಯಚೂರು ಜಿಲ್ಲಾ ಕೇಂದ್ರ. ರಿಮ್ಸ್ ಆಸ್ಪತ್ರೆಗೆ ತೋರಿಸಲು ಊರಿನಿಂದ ಬಂದವರು, ಕೊನೆಯ ಬಸ್ಸು ತಪ್ಪಿದರೆ, ಓದುವ ಹುಡುಗನ ಕೋಣೆ ಇದೆಯಲ್ಲ ಎಂದು ಬಂದುಬಿಡುತ್ತಾರೆ. ಬೇಡವೆನ್ನಲು ಬಾಯಿ ಬರುವುದಿಲ್ಲ. ವಾರ್ಡನ್ನರ ಅನುಮತಿಯನ್ನು ಯಾರ ಅತಿಥಿಯೋ ಅವನೇ ಪಡೆಯಬೇಕು, ಅತಿಥಿಗೆ ತನ್ನ ಮಂಚ ಬಿಟ್ಟುಕೊಟ್ಟು ತಾನು ಚಾಪೆಯ ಮೇಲೆ ಮಲಗಬೇಕು, ಜೊತೆಗಾರನ ಹೊತ್ತಿನ ಪಾಲು ಮಾತ್ರ ಅತಿಥಿಗಾಗಿ ಬದಲಾಗಬಾರದು. ಬೇಸಿಗೆಯಲ್ಲಿ ಮಾಳಿಗೆಗೆ ಸಂಜೆ ನಾಲ್ಕು ಕೊಡ ನೀರು ಸುರಿದು ಎಲ್ಲರೂ ಅಲ್ಲಿಯೇ ಮಲಗುತ್ತಿದ್ದುದರಿಂದ ಈ ತೊಡಕೂ ಇರಲಿಲ್ಲ.

ಹಣದ ವಿಷಯದಲ್ಲಿ ಒಂದೇ ಮಾತು: ಜಂಟಿಯಾಗಿ ಕೊಂಡ ವಸ್ತು ಕೊನೆಗೆ ಯಾರದೆಂಬುದನ್ನು ಕೊಂಡ ದಿನವೇ ಬರೆದಿಡಬೇಕು. ಕೂಲರಿಗೆ ವರ್ಷಕ್ಕೆ ಕಾಲು ಭಾಗ ಬೆಲೆ ಇಳಿಸಿ, ಕೋಣೆಯಲ್ಲಿ ಉಳಿಯುವವನು ಹೋಗುವವನಿಗೆ ಅರ್ಧ ಕೊಡಬೇಕೆಂದು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೆವು. ಅವನು ಕೆಲಸ ಸಿಕ್ಕಿ ಹೈದರಾಬಾದಿಗೆ ಹೊರಟಾಗ ಆ ಪುಟ ತೆಗೆದು, ಕೂಲರಿಗೆ ಹೊಸದಾಗಿ ಹಾಕಿಸಿದ್ದ ಪಂಪಿನ ದುಡ್ಡಿನಲ್ಲಿ ಅವನ ಪಾಲನ್ನು ಮುರಿದುಕೊಂಡು, ಉಳಿದದ್ದನ್ನು ಕೊಟ್ಟೆ. ಅವನು ಎಣಿಸಿಕೊಂಡು, ಕೆಟಲಿನ ಲೆಕ್ಕ ಬಾಕಿಯಿದೆ ಎಂದ.