ಬಿಲ್ಜ್ ಪಂಪ್ ಬದಲಿಸುವುದು ಹೇಗೆ: ಪಂಪ್ ಸುಲಭ, ವಯರಿನ ಜಾಯಿಂಟೇ ಕಷ್ಟ

ದೋಣಿಯ ತಳದಲ್ಲಿ ನಿಲ್ಲುವ ನೀರನ್ನು ಎತ್ತಿ ಹೊರಗೆಸೆಯುವ 12 ವೋಲ್ಟಿನ ಬಿಲ್ಜ್ ಪಂಪ್ ಮುಷ್ಟಿಗಾತ್ರದ ವಸ್ತು. ಬದಲಿಸಲು ಅರ್ಧ ದಿನ ಸಾಕು. ಆದರೂ ಮಲ್ಪೆಯಿಂದ ಸಸಿಹಿತ್ಲುವರೆಗೆ ಹೊಳೆಬದಿಯಲ್ಲಿ ಕಟ್ಟಿಹಾಕಿದ ಫೈಬರ್ ದೋಣಿಗಳಲ್ಲಿ ಹೋದ ವರ್ಷ ಹಾಕಿದ ಪಂಪ್ ಈ ವರ್ಷ ಸತ್ತು ಕೂತಿರುವುದು ಮಾಮೂಲಿ. ಬಿಚ್ಚಿ ನೋಡಿದರೆ ಎಷ್ಟೋ ಸಲ ಮೋಟರ್‌ಗೆ ಏನೂ ಆಗಿರುವುದಿಲ್ಲ. ನೀರಿನಲ್ಲಿ ಮುಳುಗಿದ ಒಂದು ಜಾಯಿಂಟ್, ಸುತ್ತ ಕಪ್ಪು ಟೇಪ್, ಒಳಗೆ ಹಸಿರು ಪುಡಿ.

ಆದ್ದರಿಂದ ಹೊಸ ಪಂಪಿಗೆ ದುಡ್ಡು ಕೊಡುವ ಮೊದಲು ಹಳೆಯದು ನಿಜವಾಗಿ ಕೆಟ್ಟಿದೆಯೇ ನೋಡಿ. ಪಕ್ಕದ ಎರಡು ಕಿವಿಗಳನ್ನು ಒತ್ತಿದರೆ ಮೋಟರ್ ಜಾಲರಿಯಿಂದ ಮೇಲೆ ಬರುತ್ತದೆ. ತೆಂಗಿನ ನಾರು, ಗಾಳಿಮರದ ಸೂಜಿ ಎಲೆ, ಗುಟ್ಕಾ ಪ್ಯಾಕೆಟ್ ಜಾಲರಿಗೆ ಅಂಟಿರುತ್ತವೆ. ಗಾಳದ ನೈಲಾನ್ ದಾರ ಇಂಪೆಲ್ಲರ್ (ನೀರು ತಳ್ಳುವ ಪುಟ್ಟ ಚಕ್ರ) ಬುಡಕ್ಕೆ ಸುತ್ತಿಕೊಂಡಿದ್ದರೆ ಚಿಮಟದಲ್ಲಿ ಎಳೆದು ತೆಗೆಯಿರಿ. ಆಮೇಲೆ ಮೋಟರನ್ನು ಬಕೆಟ್ ನೀರಿನಲ್ಲಿಟ್ಟು ನೇರ ಬ್ಯಾಟರಿಗೆ ಕೊಡಿ. ಓಡಿದರೆ ಪಂಪ್ ಸರಿಯಿದೆ. ತಪ್ಪು ವಯರ್, ಫ್ಯೂಸ್ ಅಥವಾ ನೀರು ಏರಿದಾಗ ತೇಲಿ ಪಂಪನ್ನು ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್‌ನಲ್ಲಿದೆ. ಮಲ್ಟಿಮೀಟರ್ ಹಿಡಿಯುವುದಾದರೆ ಪಂಪ್ ಓಡುತ್ತಿರುವಾಗಲೇ ಹಿಡಿಯಬೇಕು. ಲೋಡ್ ಇಲ್ಲದಿದ್ದರೆ ಕೊಳೆತ ವಯರ್ ಕೂಡ 12.6 ತೋರಿಸಿ ಮೋಸ ಮಾಡುತ್ತದೆ. ಓಡುವಾಗ ಬ್ಯಾಟರಿಯ ಬಳಿ ಮತ್ತು ಪಂಪಿನ ಬಳಿ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ವಯರಿಂಗೇ ರೋಗಿ.

ಪಂಪ್ ಸತ್ತಿದ್ದರೆ ಎಷ್ಟು ದೊಡ್ಡದು ತರಬೇಕು? ಡಬ್ಬಿಯ ಮೇಲಿನ 500, 800, 1100 ಎಂಬ ಅಂಕೆ ಗಂಟೆಗೆ ಅಮೆರಿಕನ್ ಗ್ಯಾಲನ್ ಲೆಕ್ಕದ್ದು. 500 ಅಂದರೆ ಸುಮಾರು 1,900 ಲೀಟರ್, 1100 ಅಂದರೆ 4,160 ಲೀಟರ್. ಅದೂ ಪೈಪಿಲ್ಲದೆ, ನೀರನ್ನು ಮೇಲೆತ್ತದೆ ಅಳೆದದ್ದು. ದೋಣಿಯಲ್ಲಿ ಕೂರಿಸಿದ ಮೇಲೆ ಮೂರನೇ ಒಂದು ಭಾಗವಾದರೂ ಹೋಯಿತೆಂದೇ ತಿಳಿಯಿರಿ. 6 ಮೀಟರ್ ಉದ್ದ, 2 ಮೀಟರ್ ಅಗಲದ ತೆರೆದ ದೋಣಿಯ ಮೇಲೆ ಒಂದೇ ರಾತ್ರಿ 100 ಮಿ.ಮೀ ಮಳೆ ಬಿದ್ದರೆ ಸುಮಾರು 1,200 ಲೀಟರ್ ನೀರು. ಆಷಾಢದಲ್ಲಿ ನಮ್ಮ ಕರಾವಳಿಗೆ ಅದೇನೂ ದೊಡ್ಡ ಮಳೆಯಲ್ಲ. ಬರೀ ಮಳೆನೀರಿಗೆ 500 ಸಾಕು. ಆದರೆ ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದಿಂಚಿನ ತೂತು ಬಿದ್ದರೆ ಗಂಟೆಗೆ ಎರಡೂವರೆ ಸಾವಿರ ಲೀಟರ್ ಒಳಗೆ ನುಗ್ಗುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅಳಿವೆಯವರೆಗೆ ಹೋಗುವವರು 1100 ಹಾಕಿ.

ಹಳೆಯದನ್ನು ತೆಗೆಯುವುದು ದೊಡ್ಡ ಕೆಲಸವಲ್ಲ: ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹೋಸ್ ಕ್ಲಿಪ್ ಸಡಿಲಿಸಿ, ವಯರ್ ಕತ್ತರಿಸಿ ಎತ್ತಿ. ತಳದಲ್ಲಿ ಡೀಸೆಲ್, ಆಯಿಲ್ ತೇಲುತ್ತಿದ್ದರೆ ಕಾಟನ್ ವೇಸ್ಟ್‌ನಲ್ಲಿ ಹೀರಿಸಿ ಡಬ್ಬಕ್ಕೆ ಹಾಕಿ, ಹೊಳೆಗೆ ಬಿಡಬೇಡಿ. ಪೆಟ್ರೋಲ್ ವಾಸನೆ ಇದ್ದರೆ ಎಲ್ಲ ಮುಚ್ಚಳ ತೆರೆದು ವಾಸನೆ ಪೂರ್ತಿ ಹೋಗುವವರೆಗೆ ಕೆಲಸ ಮುಟ್ಟಬೇಡಿ.

ಕೂರಿಸುವಾಗ ಒಂದು ಮಾತು ಮರೆಯಬೇಡಿ. ಜಾಲರಿಯ ಬುಡದಲ್ಲಿ ಸ್ಕ್ರೂ ತೂತುಗಳಿವೆ ಎಂದು ದೋಣಿಯ ತಳಕ್ಕೇ ಡ್ರಿಲ್ ಇಡುವವರಿದ್ದಾರೆ. ನೀರು ತೆಗೆಯುವ ಪಂಪಿಗಾಗಿ ನೀರು ಬರುವ ದಾರಿ ಮಾಡಿದಂತಾಯಿತು. ಅರ್ಧ ಇಂಚು ದಪ್ಪದ ಪ್ಲಾಸ್ಟಿಕ್ ಅಥವಾ ಫೈಬರ್ ತುಂಡೊಂದನ್ನು, ತಳವನ್ನು ಮರಳು ಕಾಗದದಲ್ಲಿ ಉಜ್ಜಿ ಒಣಗಿಸಿ, ಎಪಾಕ್ಸಿಯಲ್ಲಿ ಅಂಟಿಸಿ. ಒಂದು ದಿನ ಬಿಟ್ಟು, ತುಂಡಿನ ದಪ್ಪಕ್ಕಿಂತ ಗಿಡ್ಡ ಸ್ಟೇನ್‌ಲೆಸ್ ಸ್ಕ್ರೂಗಳಲ್ಲಿ ಜಾಲರಿಯನ್ನು ಆ ತುಂಡಿಗೆ ಬಿಗಿಯಿರಿ. ಪ್ಲೈವುಡ್ ತುಂಡು ಬೇಡ, ಎರಡು ಮಳೆಗಾಲಕ್ಕೆ ಹಲಸಿನ ರಚ್ಚೆಯಂತಾಗುತ್ತದೆ.

ಪೈಪ್ ವಿಷಯದಲ್ಲಿ ಜಿಪುಣತನ ಬೇಡ. 500ರ ಪಂಪಿಗೆ ಸಾಮಾನ್ಯವಾಗಿ ಮುಕ್ಕಾಲು ಇಂಚು, 1100ಕ್ಕೆ ಒಂದೂಕಾಲಿಗಿಂತ ಒಂದು ನೂಲು ಕಡಿಮೆ, ಅಂದರೆ 28 ಮಿ.ಮೀ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಅಳತೆ ಸಿಗದೆ 25ರ ಪೈಪನ್ನು ಬಿಸಿನೀರಿಗೆ ಹಾಕಿ ಹಿಗ್ಗಿಸಿ ತುರುಕುತ್ತಾರೆ. ಅಲ್ಲಿಗೆ ದೊಡ್ಡ ಪಂಪಿನ ದುಡ್ಡು ದಂಡ. ಬಂದರಿನ ಬೋಟ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಒಳಮೈ ನುಣುಪಾದ ಪೈಪೇ ಇರಲಿ. ವಾಷಿಂಗ್ ಮೆಷಿನ್ ಪೈಪಿನಂಥ ಸುರುಳಿ ಪೈಪ್ ನೀರನ್ನು ತಡೆಯುತ್ತದೆ. ಪಂಪಿನಿಂದ ಹೊರಗಿನ ತೂತಿನವರೆಗೆ ಪೈಪ್ ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು, ಗಾಳಿ ಸಿಕ್ಕಿಕೊಂಡು, ಪಂಪ್ ಗುಂಯ್‌ಗುಡುತ್ತಿದ್ದರೂ ಹನಿ ಬರುವುದಿಲ್ಲ. ಹೊರಗಿನ ತೂತು ಜನ ತುಂಬಿದಾಗಲೂ ನೀರಿಗಿಂತ ಒಂದು ಗೇಣು ಮೇಲಿರಬೇಕು. ಕ್ಲಿಪ್ ಕೊಳ್ಳುವಾಗ ಅಯಸ್ಕಾಂತ ಒಯ್ಯಿರಿ: ಪಟ್ಟಿ ಸ್ಟೇನ್‌ಲೆಸ್ ಆಗಿದ್ದು ತಿರುಪು ಮಾತ್ರ ತುಕ್ಕು ಹಿಡಿಯುವ ಮಾಲು ಬಹಳ ಬರುತ್ತದೆ. ತಿರುಪು ಅಂಟಿಕೊಂಡರೆ ವಾಪಸ್ ಕೊಡಿ.

ಇನ್ನು ವಯರ್. ಕೆಲಸ ಕೆಡುವುದು ಇಲ್ಲೇ, ಅವಸರ ಬೇಡ.

ಮನೆ ವಯರಿಂಗಿನ ಬರಿ ತಾಮ್ರದ ವಯರ್ ಉಪ್ಪುನೀರಿನಲ್ಲಿ ಬಾಳುವುದಿಲ್ಲ. ನೀರು ಎಳೆಗಳ ನಡುವೆ ಹೀರಿಕೊಂಡು ಪ್ಲಾಸ್ಟಿಕ್ಕಿನ ಒಳಗೇ ಮೇಲೇರುತ್ತದೆ. ಹೊರಗೆ ಹೊಸದು, ಒಳಗೆ ಇದ್ದಿಲು. ತವರ ಲೇಪಿಸಿದ, ಸುಲಿದರೆ ಬೆಳ್ಳಿಯಂತೆ ಕಾಣುವ 2.5 ಚದರ ಮಿ.ಮೀ ವಯರ್ ತನ್ನಿ. ಹಳೆ ವಯರನ್ನೇ ಉಳಿಸಿಕೊಳ್ಳುವುದಾದರೆ ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಅರ್ಧ ಮೀಟರ್ ಕತ್ತರಿಸಿದರೂ ಕಪ್ಪೇ ಇದ್ದರೆ ಪೂರ್ತಿ ಎಸೆಯಿರಿ.

ಪಂಪಿನ ಜೊತೆ ಬರುವ ವಯರ್ ಗಿಡ್ಡ. ಅದು ಎಲ್ಲಿ ಮುಗಿಯುತ್ತದೋ ಅಲ್ಲೇ, ಅಂದರೆ ನೀರಿನಲ್ಲೇ, ಜೋಡಿಸಿಬಿಡುವುದು ಎಲ್ಲರ ತಪ್ಪು. ವಯರನ್ನು ಒಳಗೋಡೆಯ ಗುಂಟ ನೇರ ಮೇಲೆತ್ತಿ, ನೀರು ಎಷ್ಟೇ ತುಂಬಿದರೂ ಮುಟ್ಟದ ಎತ್ತರದಲ್ಲಿ ಜೋಡಿಸಿ. 7 ಮಿ.ಮೀ ಸುಲಿದು, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕನೆಕ್ಟರ್‌ಗೆ ತೂರಿಸಿ, ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ. ಸಾದಾ ಇಕ್ಕಳದಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ. ಒತ್ತಿದ ಮೇಲೆ ಬಲವಾಗಿ ಎಳೆಯಿರಿ, ಕಳಚಿ ಬಂದರೆ ಈಗಲೇ ಬರಲಿ. ನಂತರ ಎರಡೂ ತುದಿಯಲ್ಲಿ ಅಂಟು ಮಣಿಯಂತೆ ಹೊರಬರುವವರೆಗೆ ಹೀಟ್ ಗನ್‌ನಲ್ಲಿ ಬಿಸಿ ಮಾಡಿ. ಪೆಟ್ರೋಲ್ ದೋಣಿಯಲ್ಲಿ ಲೈಟರ್ ಹಚ್ಚುವ ಬುದ್ಧಿವಂತಿಕೆ ಬೇಡ. ಹೀಟ್ ಗನ್ನೂ ಆವಿ ಪೂರ್ತಿ ಹೋದ ಮೇಲೆಯೇ. ಬೆಸುಗೆ ಹಾಕುವವರೂ ಇದ್ದಾರೆ, ಆದರೆ ಬೆಸುಗೆ ಮುಗಿಯುವ ಜಾಗದಲ್ಲಿ ವಯರ್ ಗಡುಸಾಗಿ ಎಂಜಿನ್ನಿನ ನಡುಕಕ್ಕೆ ತುಂಡಾಗುತ್ತದೆ. ಎರಡು ಜಾಯಿಂಟ್ ಅಕ್ಕಪಕ್ಕ ಬಾರದಂತೆ ಮೇಲೆ ಕೆಳಗೆ ಮಾಡಿ.

ಸಾಮಾನ್ಯವಾಗಿ ಕಂದು ವಯರ್ ಪಾಸಿಟಿವ್, ಕಪ್ಪು ನೆಗೆಟಿವ್. ತಿರುಗಾಮುರುಗಾ ಕೊಟ್ಟರೆ ಮೋಟರ್ ಉಲ್ಟಾ ತಿರುಗಿ ನೀರು ಮೂತ್ರಧಾರೆಯಷ್ಟು ಬರುತ್ತದೆ, ಬೈಗುಳ ಅಂಗಡಿಯವನಿಗೆ. ಫ್ಯೂಸ್ ಪಂಪಿನ ಮೇಲೆ ಬರೆದಷ್ಟೇ ಆಂಪಿಯರಿನದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಕಾರಿನ 15 ಆಂಪಿಯರ್ ಫ್ಯೂಸ್ ಹಾಕಿದರೆ ಇಂಪೆಲ್ಲರ್ ಸಿಕ್ಕಿಬಿದ್ದ ದಿನ ಫ್ಯೂಸ್ ಉಳಿಯುತ್ತದೆ, ಮೋಟರ್ ಕರಗುತ್ತದೆ.

ಫ್ಲೋಟ್ ಸ್ವಿಚ್‌ನ ವಯರ್ ಮೇನ್ ಸ್ವಿಚ್ ದಾಟದೆ, ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗಬೇಕು. ಇಲ್ಲದಿದ್ದರೆ ಎಲ್ಲ ಆಫ್ ಮಾಡಿ ಮನೆಗೆ ಹೋದ ರಾತ್ರಿ ಪಂಪೂ ಮಲಗಿರುತ್ತದೆ. ಫ್ಲೋಟ್ ತಿರುಗುವ ಕೀಲು ದೋಣಿಯ ಮೂತಿಯ ಕಡೆಗಿರಲಿ. ಪಂಪ್ ನಿಂತ ಮೇಲೆ ಪೈಪಿನ ನೀರು ವಾಪಸ್ ಬಂದು ಮತ್ತೆ ಮತ್ತೆ ಚಾಲೂ ಆಗುತ್ತಿದ್ದರೆ ನಾನ್ ರಿಟರ್ನ್ ವಾಲ್ವ್ ಹಾಕಬೇಡಿ, ಅದು ಕಸ ಸಿಕ್ಕಿ ಮುಚ್ಚಿಕೊಳ್ಳುತ್ತದೆ. ಸ್ವಿಚ್ಚನ್ನು ಒಂದು ಬೆರಳು ಎತ್ತರಿಸಿ. ಫ್ಲೋಟ್ ಮೇಲೆಯೇ ಸಿಕ್ಕಿಕೊಂಡರೆ ಎರಡೂವರೆ ಆಂಪಿಯರಿನ ಪಂಪ್ 60 ಆಂಪಿಯರ್ ಅವರ್ ಬ್ಯಾಟರಿಯನ್ನು ಒಂದೇ ದಿನದಲ್ಲಿ ಮುಗಿಸುತ್ತದೆ. ತಿಂಗಳಿಗೊಮ್ಮೆ ಕೈಯಲ್ಲಿ ಎತ್ತಿ ಬಿಟ್ಟು ನೋಡಿ.

ಕೊನೆಗೆ ದೋಣಿಗೆ ನಾಲ್ಕೈದು ಬಕೆಟ್ ನೀರು ಸುರಿದು, ಹೊರಗೆ ಬರುವ ನೀರನ್ನು 20 ಲೀಟರಿನ ಬಕೆಟ್‌ಗೆ ಹಿಡಿದು ಗಡಿಯಾರ ನೋಡಿ. 1100ರ ಪಂಪ್ ಅರ್ಧ ನಿಮಿಷದ ಆಸುಪಾಸಿನಲ್ಲಿ ತುಂಬಿಸಬೇಕು. ಒಂದು ನಿಮಿಷ ಹಿಡಿದರೆ ಪೈಪನ್ನು ಮತ್ತೆ ನೋಡಿ.