ಕಮಾರೊ ಕಾರಿಗೆ ಅಗಲವಾದ ಮುಂದಿನ ಚಕ್ರಗಳನ್ನು ಕೂರಿಸಿದ ಬಗೆ

ಹಳೆಯ ಅಮೆರಿಕನ್ ಮಸಲ್ ಕಾರುಗಳಿಗೆ ಹಿಂದೆ ಅಗಲವಾದ ಟೈರ್, ಮುಂದೆ ಕಿರಿದಾದ ಟೈರ್ ಹಾಕುವ ರೂಢಿ ಡ್ರ್ಯಾಗ್ ರೇಸಿನಿಂದ ಬಂದದ್ದು. ನೇರ ದಾರಿಯಲ್ಲಿ ಒಮ್ಮೆಲೇ ಮುನ್ನುಗ್ಗುವುದಷ್ಟೇ ಗುರಿಯಾದರೆ ಅದು ಸರಿಯೇ. ಆದರೆ ಮಿಷಿಗನ್‌ನಲ್ಲಿ ನಾನು ಓಡಿಸುವ 1969ರ ಷೆವರ್ಲೆ ಕಮಾರೊದಲ್ಲಿ ಎರಕದ ಕಬ್ಬಿಣದ ವಿ8 ಎಂಜಿನ್ನಿನ ಭಾರವೆಲ್ಲ ಮುಂಭಾಗದಲ್ಲಿದೆ. ಬ್ರೇಕ್ ಒತ್ತಿದಾಗ ಇನ್ನಷ್ಟು ಭಾರ ಮುಂದಕ್ಕೆ ಸರಿಯುತ್ತದೆ, ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ. ಹೀಗಾಗಿ ಈ ಕಾರಿನಲ್ಲಿ ಹೆಚ್ಚಿನ ಹಿಡಿತ ಬೇಕಾದದ್ದು ಮೊದಲು ಮುಂದಿನ ಚಕ್ರಗಳಿಗೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ವರ್ಷದ ಸಾಮಾನ್ಯ ಕಮಾರೊಗಳು 14 ಇಂಚಿನ ಚಕ್ರಗಳ ಮೇಲೆ ಬರುತ್ತಿದ್ದವು. ಟ್ರಾನ್ಸ್-ಆಮ್ ರೇಸಿಗೆಂದು ರೂಪುಗೊಂಡ ಝಡ್/28 ಮಾದರಿಗೆ 15 ಇಂಚು ವ್ಯಾಸದ, 7 ಇಂಚು ಅಗಲದ ರಿಮ್‌ಗಳಿದ್ದವು. ನನ್ನ ಕಾರಿನಲ್ಲೂ ಅದೇ ಅಳತೆಯ ರಿಮ್‌ಗಳ ಮೇಲೆ 225/60ಆರ್15 (225 ಮಿಲಿಮೀಟರ್ ಅಗಲ, ಬದಿಯ ಎತ್ತರ ಅದರ ಶೇಕಡ 60, ರಿಮ್ 15 ಇಂಚು) ಟೈರ್‌ಗಳಿದ್ದವು. ಅವುಗಳ ಬದಲು 17 ಇಂಚು ವ್ಯಾಸದ, 8 ಇಂಚು ಅಗಲದ ರಿಮ್ ಮತ್ತು 245/45ಆರ್17 ಟೈರ್ ಹಾಕುವುದೆಂದು ನಿಶ್ಚಯಿಸಿದೆ. ಹಳೆಯ ಟೈರಿನ ಒಟ್ಟು ವ್ಯಾಸ 651 ಮಿಲಿಮೀಟರ್, ಹೊಸದರದ್ದು 652. ಎತ್ತರದಲ್ಲಿ ವ್ಯತ್ಯಾಸವಿಲ್ಲವೆಂದೇ ಹೇಳಬಹುದು. ಈ ಕಾರಿನಲ್ಲಿ ವೇಗಮಾಪಕದ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುವುದರಿಂದ ಮುಂದಿನ ಟೈರ್ ಬದಲಾದರೆ ಅದರ ಲೆಕ್ಕವೂ ತಪ್ಪುವುದಿಲ್ಲ.

ಹೆಚ್ಚಿದ ಅಗಲವನ್ನು ಒಳಕ್ಕೆಷ್ಟು, ಹೊರಕ್ಕೆಷ್ಟು ಹಂಚಬೇಕೆಂಬುದೇ ಇಡೀ ಕೆಲಸದ ತಿರುಳು. ಹಬ್ಬಿಗೆ ಕೂರುವ ಮುಖದಿಂದ ರಿಮ್ಮಿನ ಒಳ ಅಂಚಿನವರೆಗಿನ ಅಂತರವನ್ನು ಬ್ಯಾಕ್‌ಸ್ಪೇಸಿಂಗ್ ಎನ್ನುತ್ತಾರೆ. ಹಳೆಯ ರಿಮ್ಮಿನಲ್ಲಿ ಅದು 4.25 ಇಂಚು ಇತ್ತು. ಹೊಸ ರಿಮ್ಮಿಗೂ ಅಷ್ಟನ್ನೇ ಇಟ್ಟುಕೊಂಡರೆ ಹೆಚ್ಚಿದ ಒಂದು ಇಂಚು ಪೂರ್ತಿಯಾಗಿ ಹೊರಕ್ಕೆ ಬಂದು ಟೈರ್ ಚಕ್ರದ ಮೇಲಿನ ಹೊರತಗಡಾದ ಫೆಂಡರ್‌ನ ಅಂಚಿಗೆ ತಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಚಕ್ರವನ್ನು ಸಸ್ಪೆನ್ಷನ್ನಿನ ತೋಳುಗಳಿಗೆ ಸೇರಿಸುವ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟುಗಳ ಮೂಲಕ ಎಳೆದ ರೇಖೆ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರ ಹಿಗ್ಗಿದಷ್ಟೂ ರಸ್ತೆಯ ಪ್ರತಿಯೊಂದು ಗುಂಡಿಯೂ ಸ್ಟಿಯರಿಂಗನ್ನು ಕೈಯಲ್ಲಿ ಜಗ್ಗುತ್ತದೆ. ಆದ್ದರಿಂದ 4.75 ಇಂಚಿನ ಬ್ಯಾಕ್‌ಸ್ಪೇಸಿಂಗ್ ಇರುವ ರಿಮ್ಮನ್ನು ಆರಿಸಿದೆ. ಆಗ ಒಳಕ್ಕೆ ಅರ್ಧ ಇಂಚು, ಹೊರಕ್ಕೆ ಅರ್ಧ ಇಂಚು ಸಮನಾಗಿ ಹಂಚಿಕೆಯಾಗಿ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಮೊದಲಿನಂತೆ ಸುಮಾರು 6 ಮಿಲಿಮೀಟರಿನಲ್ಲೇ ಉಳಿಯುತ್ತದೆ. 15 ಇಂಚಿನ ರಿಮ್ಮನ್ನು ಇಷ್ಟು ಒಳಕ್ಕೆ ತಂದರೆ ಚಕ್ರವನ್ನು ತಿರುಗಿಸುವ ಸರಳಾದ ಟೈ ರಾಡ್‌ನ ತುದಿಗೆ ತೀರ ಹತ್ತಿರವಾಗುತ್ತದೆ. 17 ಇಂಚಿನದರಲ್ಲಿ ಒಳಗಿನ ಜಾಗ ಹೆಚ್ಚಿರುವುದರಿಂದ ಆ ತೊಂದರೆಯಿಲ್ಲ. ವ್ಯಾಸ ಹೆಚ್ಚಿಸಿದ್ದು ನೋಟಕ್ಕಾಗಿ ಅಲ್ಲ, ಈ ಕಾರಣಕ್ಕಾಗಿ.

ಚಕ್ರ ಕೊಳ್ಳುವ ಮೊದಲೇ ನಾನು ಸಸ್ಪೆನ್ಷನ್ನಿನ ಕೆಲಸ ಮುಗಿಸಿಕೊಂಡೆ. ಅನೇಕರು ಇದನ್ನು ಹಿಂದುಮುಂದು ಮಾಡುತ್ತಾರೆ. ನಿಂತ ಕಾರಿನ ಚಕ್ರದ ಸುತ್ತ ಅಳತೆ ತೆಗೆದು, ಟೈರ್ ಕೂರಿಸಿ, ಕೊನೆಗೆ ವೀಲ್ ಅಲೈನ್‌ಮೆಂಟಿಗೆ ಒಯ್ಯುತ್ತಾರೆ. ಆದರೆ ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಬಾಲ್ ಜಾಯಿಂಟುಗಳ ರೇಖೆ ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿಸಿದಾಗ ಮೇಲಿನ ಬಾಲ್ ಜಾಯಿಂಟ್ ಹಿಂದಕ್ಕೆ ಸರಿಯುತ್ತದೆ, ಅದರ ಜೊತೆಗೆ ಚಕ್ರವೂ ತುಸು ಹಿಂದಕ್ಕೆ ಹೋಗಿ ಫೆಂಡರಿನ ಹಿಂಬದಿಯ ಕೆಳಮೂಲೆಗೆ ಹತ್ತಿರವಾಗುತ್ತದೆ. ಕ್ಯಾಂಬರ್ ಬದಲಾದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುತ್ತದೆ. ಅಲೈನ್‌ಮೆಂಟ್ ಆಗದೆ ತೆಗೆದ ಅಳತೆ ಆ ಕಾರಿನ ಅಳತೆಯೇ ಅಲ್ಲ.

ಕಾರ್ಖಾನೆಯವರು ಸೂಚಿಸಿದ ಅಲೈನ್‌ಮೆಂಟ್ ಅಂದಿನ ಬಯಾಸ್ ಪ್ಲೈ (ಒಳಗಿನ ಎಳೆಗಳು ಓರೆಯಾಗಿರುವ ಹಳೆಯ ಬಗೆಯ) ಟೈರ್‌ಗಳಿಗೆ ಹೊಂದುವಂಥದ್ದು. ಅದರಲ್ಲಿ ಕ್ಯಾಸ್ಟರ್ ಬಹಳ ಕಡಿಮೆ, ಕ್ಯಾಂಬರ್ ತುಸು ಧನಾತ್ಮಕ, ಅಂದರೆ ಚಕ್ರದ ತಲೆ ಹೊರಕ್ಕೆ ವಾಲಿದಂತೆ. ಅಗಲವಾದ ರೇಡಿಯಲ್ ಟೈರಿಗೆ ಅದು ಸಲ್ಲದು. ಸಸ್ಪೆನ್ಷನ್ನಿನ ಮೇಲಿನ ತೋಳಾದ ಕಂಟ್ರೋಲ್ ಆರ್ಮ್‌ನ ಶಾಫ್ಟಿಗೂ ಫ್ರೇಮಿಗೂ ನಡುವೆ ಎರಡು ಬೋಲ್ಟುಗಳಲ್ಲಿ ಶಿಮ್ ಎಂಬ ತೆಳು ಲೋಹದ ಬಿಲ್ಲೆಗಳಿರುತ್ತವೆ. ಎರಡೂ ಬೋಲ್ಟುಗಳಲ್ಲಿ ಸಮನಾಗಿ ಶಿಮ್ ಸೇರಿಸಿದರೆ ಕ್ಯಾಂಬರ್ ಋಣಾತ್ಮಕದತ್ತ ಹೋಗುತ್ತದೆ. ಮುಂದಿನ ಬೋಲ್ಟಿನಿಂದ ತೆಗೆದು ಹಿಂದಿನದಕ್ಕೆ ಹಾಕಿದರೆ ಕ್ಯಾಸ್ಟರ್ ಹೆಚ್ಚುತ್ತದೆ. ಹೀಗೆ ಕ್ಯಾಂಬರನ್ನು ಋಣ ಅರ್ಧ ಡಿಗ್ರಿಗೆ, ಕ್ಯಾಸ್ಟರನ್ನು 3 ಡಿಗ್ರಿಯ ಆಸುಪಾಸಿಗೆ ತಂದುಕೊಂಡೆ. ಈ ಕಾರುಗಳ ಮೂಲ ವಿನ್ಯಾಸದಲ್ಲಿ ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರವೂ ಹೊರಕ್ಕೇ ವಾಲಿ, ಟೈರಿನ ಹೊರ ಅಂಚೊಂದೇ ಭಾರ ಹೊರುತ್ತದೆ. ಟೈರ್ ಎಷ್ಟು ಅಗಲವೋ ಈ ನಷ್ಟವೂ ಅಷ್ಟು ಹೆಚ್ಚು. ರೇಸ್ ಚಾಲಕ ಡಿಕ್ ಗುಲ್ಡ್‌ಸ್ಟ್ರಾಂಡ್ ಅವರ ಹೆಸರಿನಿಂದಲೇ ಕರೆಯುವ ಮಾರ್ಪಾಡಿನಲ್ಲಿ ಮೇಲಿನ ಆರ್ಮ್ ಕೂರುವ ರಂಧ್ರಗಳನ್ನು ಕೆಳಕ್ಕೆ ಹೊಸದಾಗಿ ಕೊರೆಯುತ್ತಾರೆ. ಮೂಲ ಫ್ರೇಮನ್ನು ಕೊರೆಯಲು ಮನಸ್ಸೊಪ್ಪದೆ ನಾನು ಎತ್ತರವಾದ ಬಾಲ್ ಜಾಯಿಂಟುಗಳನ್ನು ಹಾಕಿದೆ. ಪರಿಣಾಮ ಅದೇ ದಿಕ್ಕಿನದು, ಬೇಕಾದಾಗ ಬಿಚ್ಚಿ ಮೊದಲಿನಂತೆ ಮಾಡಲೂ ಬರುತ್ತದೆ.

ಅಳತೆಗಾಗಿ ಕಾರನ್ನು ಜಾಕ್ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಮುಂದಿನ ಸುರುಳಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡನ್ನೂ ತೆಗೆದೆ. ಒತ್ತಡದಲ್ಲಿರುವ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯವಾದ್ದರಿಂದ ಒಳಗಿನಿಂದ ಹಿಡಿಯುವ ಕಂಪ್ರೆಸರ್ ಬಳಸಬೇಕು, ಜೊತೆಗೆ ಸ್ಪ್ರಿಂಗನ್ನು ಸರಪಳಿಯಿಂದ ಫ್ರೇಮಿಗೆ ಕಟ್ಟಿಯೇ ಕೈ ಹಾಕಬೇಕು. ಸ್ಪ್ರಿಂಗ್ ಇಲ್ಲದಿದ್ದರೆ ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು ಚಕ್ರವನ್ನು ಪೂರ್ತಿ ಕೆಳಗಿನಿಂದ ರಬ್ಬರ್ ಬಂಪ್ ಸ್ಟಾಪ್ ಮುಟ್ಟುವವರೆಗೆ ಸಲೀಸಾಗಿ ಏರಿಸಿ ಇಳಿಸಬಹುದು. ಮೊದಲು ಹೊಸ ಚಕ್ರದ ಅಳತೆಗೆ ಪ್ಲೈವುಡ್ಡಿನ ಮಾದರಿ ಮಾಡಿ ಹಬ್ಬಿಗೆ ಬಿಗಿದು ನೋಡಿದೆ. ಚಕ್ರಗಳು ಬಂದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದೆ.

ಎರಡನೆಯ ಸಲ ಮಕ್ಕಳು ಆಡುವ ಬಣ್ಣದ ಜೇಡಿಯ ಉಂಡೆಗಳು ತುಂಬ ಉಪಯೋಗಕ್ಕೆ ಬಂದವು. ಫೆಂಡರ್ ಅಂಚಿನ ಒಳಗೆ, ಫ್ರೇಮಿನ ಹಳಿಯ ಮೇಲೆ, ಕಾರು ವಾಲುವುದನ್ನು ತಡೆಯುವ ಸ್ವೇ ಬಾರ್ ತುದಿಯಲ್ಲಿ, ಮುಂದಿನ ಕೆಳ ಪಟ್ಟಿಯ ಮೂಲೆಯಲ್ಲಿ ಒಂದೊಂದು ಉಂಡೆ ಅಂಟಿಸಿ, ಚಕ್ರವನ್ನು ಎಲ್ಲ ಎತ್ತರಗಳಲ್ಲೂ ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿದೆ. ಆಮೇಲೆ ಅಪ್ಪಚ್ಚಿಯಾದ ಜೇಡಿಯ ದಪ್ಪವನ್ನು ಅಳೆದರೆ ಉಳಿದ ಜಾಗವೆಷ್ಟೆಂದು ಸ್ಪಷ್ಟವಾಗುತ್ತದೆ. ಫ್ರೇಮಿನ ಬಳಿ ಬೆರಳಿನಷ್ಟು ದಪ್ಪ ಉಳಿದಿತ್ತು. ಸ್ವೇ ಬಾರಿನ ಉಂಡೆಗೆ ಟೈರ್ ಸವರಿತ್ತಷ್ಟೆ. ಫೆಂಡರಿನ ಹಿಂಬದಿಯ ಅಂಚಿನಲ್ಲಿ ಮಾತ್ರ ಜೇಡಿ ಕಾಗದದಷ್ಟು ತೆಳುವಾಗಿ, ಅದರ ಮೇಲೆ ಟೈರಿನ ಹೊರ ಅಂಚಿನ ಗೆರೆಗಳು ಅಚ್ಚೊತ್ತಿದ್ದವು. ಬದಿಗಿಡ್ಡ ಟೈರುಗಳ ಭುಜ ಚೌಕವಾಗಿರುವುದರಿಂದ ಮೊದಲು ತಾಗುವುದು ಹೊಟ್ಟೆಯ ಭಾಗವಲ್ಲ, ಈ ಭುಜವೇ.

ಫೆಂಡರ್ ಕತ್ತರಿಸುವ ಅಗತ್ಯ ಬೀಳಲಿಲ್ಲ. ಅಂಚಿನಲ್ಲಿ ಒಳಮುಖವಾಗಿ ಮಡಚಿರುವ ತಗಡಿನ ತುಟಿಯನ್ನು ಬಿಸಿಗಾಳಿಯ ಗನ್ನಿನಿಂದ ಹದವಾಗಿ ಕಾಯಿಸಿ, ಹಬ್ಬಿಗೆ ಬಿಗಿಯುವ ರೋಲರಿನಿಂದ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಮಡಚಿದೆ. ಬಣ್ಣ ಬೆಚ್ಚಗಿಲ್ಲದಿದ್ದರೆ ಮಡಿಕೆಯ ಉದ್ದಕ್ಕೂ ಬಿರುಕು ಬಿಟ್ಟು, ಅಲ್ಲಿಂದಲೇ ತುಕ್ಕು ಹತ್ತುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಟೈರಿನ ಕಡೆಗೆ ಚಾಚಿಕೊಂಡಿದ್ದ ಬೋಲ್ಟುಗಳ ಬದಲು ಗುಂಡು ತಲೆಯ ಗಿಡ್ಡ ಬೋಲ್ಟುಗಳನ್ನು ಹಾಕಿದೆ.

ಈ ಕಾರುಗಳ ಐದು ಬೋಲ್ಟುಗಳ ವೃತ್ತ 4.75 ಇಂಚು, ಅಂದರೆ 120.65 ಮಿಲಿಮೀಟರ್. ಹಲವು ಬಿಎಂಡಬ್ಲ್ಯು ಕಾರುಗಳ 120 ಮಿಲಿಮೀಟರಿನ ರಿಮ್‌ಗಳು ಕಣ್ಣಿಗೆ ಹೊಂದಿದಂತೆಯೇ ಕಾಣುತ್ತವೆ. ಆದರೆ ಆ 0.65 ಮಿಲಿಮೀಟರಿನ ವ್ಯತ್ಯಾಸ ಸ್ಟಡ್‌ಗಳನ್ನು ಬಾಗಿಸುತ್ತದೆ. ಅಗ್ಗವಾಗಿ ಸಿಕ್ಕರೂ ಅವನ್ನು ಹಾಕಬಾರದು.

ರಸ್ತೆಗಿಳಿಸಿದ ಮೇಲೆ ಕಾಣುವ ಬದಲಾವಣೆ ದೊಡ್ಡದು. ತಿರುವಿಗೆ ಹೊಕ್ಕಾಗ ಮೂತಿ ಹೇಳಿದ ಕಡೆಗೆ ಹೋಗುತ್ತದೆ, ಜೋರಾಗಿ ಬ್ರೇಕ್ ಹಿಡಿದರೂ ಮುಂದಿನ ಚಕ್ರಗಳು ಬೇಗ ಲಾಕ್ ಆಗುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಾಂಕ್ರೀಟ್ ಹೆದ್ದಾರಿಯಲ್ಲಿ ಗೀರುಗಳಿರುವ ಕಡೆ ಕಾರು ಗೀರಿನ ಜಾಡು ಹಿಡಿಯಲು ನೋಡುತ್ತದೆ, ಮತ್ತು ಪವರ್ ಸ್ಟಿಯರಿಂಗ್ ಇಲ್ಲದ ಕಾರಿನಲ್ಲಿ ಈ ಕ್ಯಾಸ್ಟರ್, ಈ ಟೈರ್ ಎರಡೂ ಸೇರಿದರೆ ನಿಲುಗಡೆಯಲ್ಲಿ ತೋಳಿಗೆ ಕಷ್ಟವಾದೀತು. ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂದಲ್ಲಿ ಆಗಸ್ಟ್ ತಿಂಗಳ ಕ್ರೂಸಿಗೆ, ಅಂದರೆ ಹಳೆಯ ಕಾರುಗಳ ಮೆರವಣಿಗೆಗೆ, ಹೋದಾಗ ಆಮೆವೇಗದ ಸಾಲಿನಲ್ಲಿ ಪದೇ ಪದೇ ತಿರುಗಿಸುವಾಗ ಪವರ್ ಸ್ಟಿಯರಿಂಗ್ ಇರುವುದು ಎಷ್ಟು ಒಳ್ಳೆಯದೆಂದು ತಿಳಿಯುತ್ತದೆ.

ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ರೇಕನ್ನು ದೊಡ್ಡ ಡಿಸ್ಕಿಗೆ ಬದಲಾಯಿಸಿದ ಕಾರುಗಳಲ್ಲಿ ಹಳೆಯ 14 ಇಂಚಿನ ರಿಮ್ ಕ್ಯಾಲಿಪರಿಗೆ ತಾಗಿ ಕೂರದೇ ಹೋಗಬಹುದು. ಹೊಸ ರಿಮ್ಮಿನ ನಟ್‌ಗಳು ಹಳೆಯ ಉಕ್ಕಿನ ರಿಮ್ಮಿಗೆ ಹೊಂದದಿರಲೂಬಹುದು. ಅದಕ್ಕೇ ಸ್ಟೆಪ್ನಿಯನ್ನು ಮನೆಯಲ್ಲೇ ಮುಂದಿನ ಹಬ್ಬಿಗೆ ಹಾಕಿ, ತಿರುಗಿಸಿ ನೋಡಿ, ಅದರ ನಟ್‌ಗಳನ್ನು ಬೇರೆ ಚೀಲದಲ್ಲಿ ಕಟ್ಟಿ ಅದರ ಪಕ್ಕದಲ್ಲೇ ಇಟ್ಟಿದ್ದೇನೆ.